ಯಂಕಪ್ಪನ ಮಗ ಕರಿಕಿ ಬೆಳೆದದ್ದು

ಬಾಳೆಹೊಸೂರಿನ ಯಂಕಪ್ಪನ ಹೊಲದಲ್ಲಿ ಕರಿಕಿ ಇರಲಿಲ್ಲ. ಎರೆಹೊಲದ ಮಂದಿಗೆ ಈ ಒಂದು ಮಾತು ಸಾಕು, ಎದ್ದು ನಿಂತು ಕೈಮುಗಿಯುತ್ತಾರೆ. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗಣಪತಿಯ ತಲೆಯ ಮೇಲೆ ಕುಳಿತಾಗ ಗರಿಕೆ ಎನಿಸಿಕೊಂಡು ಪೂಜೆಗೊಳ್ಳುವ ಹುಲ್ಲೇ ಹೊಲದಲ್ಲಿ ತಲೆಯೆತ್ತಿದರೆ ಕರಿಕಿ ಎನಿಸಿಕೊಂಡು ಬೈಸಿಕೊಳ್ಳುತ್ತದೆ. ಮೇಲೆ ಬೆರಳುದ್ದ, ಕೆಳಗೆ ಮೊಳಗಟ್ಟಲೆ. ಕಿತ್ತೊಗೆದವನು ಮನೆಗೆ ಹೋಗಿ ಕೈಕಾಲು ತೊಳೆಯುವಷ್ಟರಲ್ಲಿ, ಉಳಿದ ಒಂದು ಗೆಣ್ಣಿನಿಂದ ಇಡೀ ಬಳಗ ಮತ್ತೆ ಹುಟ್ಟಿಕೊಂಡಿರುತ್ತದೆ. ಜೋಳ ಕಾಣಬೇಕಾದಲ್ಲಿ ಕರಿಕಿ ಕಂಡರೆ ಆ ಹೊಲದ ಒಡೆಯನನ್ನು ಊರು ಮಾತಾಡಿಸುವ ಧಾಟಿಯೇ ಬದಲಾಗುತ್ತದೆ.

ಆಗ ಲಕ್ಷ್ಮೇಶ್ವರ ಮಿರಜಿನವರದು, ಶಿರಹಟ್ಟಿ ಸಾಂಗಲಿಯವರದು, ಗದಗು ಮುಂಡರಗಿ ಇಂಗ್ಲಿಷರವು. ಎತ್ತಿನ ಬಂಡಿ ಹೂಡಿಕೊಂಡು ಹೊರಟವನು ಹೊತ್ತು ಮುಳುಗುವುದರೊಳಗೆ ಮೂರು ಸರಕಾರ ಕಂಡು ಬರುತ್ತಿದ್ದ. ಕರಿಕಿ ಮಾತ್ರ ಯಾವ ಸರಕಾರದ ಅಪ್ಪಣೆಯನ್ನೂ ಕೇಳದೆ ಎಲ್ಲರ ಭೂಮಿಯಲ್ಲೂ ಒಂದೇ ಬೇರಾಗಿ ಹಬ್ಬಿತ್ತು. ಕನ್ನಡಿಗರೆಲ್ಲ ಒಂದಾಗಬೇಕೆಂದು ದೊಡ್ಡವರು ಸಭೆ ಕರೆಯುವ ಮೊದಲೇ ಆ ಕೆಲಸವನ್ನು ಅದು ಸದ್ದಿಲ್ಲದೆ ಮುಗಿಸಿತ್ತು.

ಯಂಕಪ್ಪನ ಗಡಿಗೆ ಬಂದಾಗ ಮಾತ್ರ ನಿಂತಿತು. ಚೈತ್ರದ ಬಿಸಿಲಲ್ಲಿ ಆತ ಗುದ್ದಲಿ ಹಿಡಿದು ಇಳಿದರೆ, ಕಳ್ಳನ ಜಾಡು ಹಿಡಿದ ಫೌಜದಾರನಂತೆ ಒಂದು ಬೇರಿನಿಂದ ಇನ್ನೊಂದು ಬೇರಿಗೆ ಹೋಗಿ ಕಡೆಯ ಎಳೆಯನ್ನೂ ಹೊರಗೆಳೆದು ಬಿಸಿಲಿಗೆ ಹಾಕುತ್ತಿದ್ದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನಾಗಾವಿಯ ಬೀಗರು ಮಗಳು ಹನಮವ್ವನನ್ನು ಯಂಕಪ್ಪನ ಕಿರಿಯ ಮಗ ಗವಿಸಿದ್ದಪ್ಪನಿಗೆ ಕೊಡಲು ಬಂದಾಗ ಹುಡುಗನ ಮುಖ ನೋಡಿದರೋ ಇಲ್ಲವೋ, ಹೊಲ ನೋಡಿದರು. ಸುತ್ತಾಡಿ ಬಂದು, "ಕರಿಕಿ ಇಲ್ಲದ ಮನಿ. ನಮ್ಮ ಹುಡುಗಿ ಸುಖಾ ಪಡತಾಳ" ಎಂದು ಬೆಲ್ಲ ಹಂಚಿಬಿಟ್ಟರು.

ಹೊಲ ಇಬ್ಬರು ಅಣ್ಣಂದಿರ ಕೈಗೆ ಸಾಕಾಗುವಷ್ಟಿತ್ತು. ಮೂರನೆಯವನ ಕೈ ಖಾಲಿ. ಹಾಗಾಗಿ ಗವಿಸಿದ್ದಪ್ಪ ಹೆಂಡತಿಯನ್ನು ಕರೆದುಕೊಂಡು ಗದಗಿಗೆ ಬಂದ. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತ್ಯದಲ್ಲಿ ಕರಗಿ, ಶಿರಹಟ್ಟಿಯ ಕಚೇರಿಯಲ್ಲಿ ಸಾಂಗಲಿ ಸರಕಾರದ ಹಿರಿಯ ಕಾರಕೂನರಾಗಿದ್ದ ಗೋಪಾಲರಾಯರು ಪೆನ್ಶನ್ ತೆಗೆದುಕೊಂಡು ಗದಗಿನಲ್ಲಿ ಸ್ಟೇಶನ್ನಿಗೆ ಹತ್ತಿರ ಮನೆ ಮಾಡಿದ್ದರು. ಎಲ್ಲರೂ ಅವರನ್ನು ರಾವಸಾಹೇಬರು ಎನ್ನುತ್ತಿದ್ದರು. ಸರಕಾರ ಕೊಟ್ಟ ಬಿರುದೇನಲ್ಲ, ಅವರ ಕೋಟು ಕೊಟ್ಟದ್ದು.

ಅವರಿಗೆ ತೋಟದ ಕೆಲಸಕ್ಕೆ ಒಬ್ಬ ಆಳು ಬೇಕಿತ್ತು. ಗವಿಸಿದ್ದಪ್ಪ ಹೋಗಿ ನಿಂತ. ಮನೆಯ ಮುಂದೆ ಮದುವೆಯ ಊಟಕ್ಕೆ ಎರಡು ಪಂಕ್ತಿ ಕೂರಿಸಬಹುದಾದಷ್ಟು ಬಯಲು.

"ಇಲ್ಲೆ ಹುಲ್ಲು ಬೆಳಸಬೇಕೋ" ಎಂದರು ರಾಯರು.

"ದನಾ ಎಷ್ಟ ಅದಾವ್ರಿ?"

"ದನಾ ಒಂದೂ ಇಲ್ಲ."

"ಮತ್ತ ಯಾರು ತಿಂತಾರ್ರಿ ಅದನ್ನ?"

"ಯಾರೂ ತಿನ್ನೂದಿಲ್ಲೋ ಮಾರಾಯ. ಅದರ ಮ್ಯಾಲೆ ಖುರ್ಚಿ ಹಾಕ್ಕೊಂಡು ಕೂಡೋದು. ಚಹಾ ಕುಡಿಯೋದು."

"ಯಾವ ಹುಲ್ಲ್ರಿ?"

"ಗರಿಕಿ. ನೀವು ಕರಿಕಿ ಅಂತೀರಲ್ಲ, ಅದೇ."

ರಾಯರು ನಗುತ್ತಿದ್ದಾರೇನೋ ಎಂದು ಗವಿಸಿದ್ದಪ್ಪ ಅವರ ಮೀಸೆಯನ್ನೇ ನೋಡಿದ. ನಗುತ್ತಿರಲಿಲ್ಲ. ಆಗ ಆತ ತಗ್ಗಿದ ದನಿಯಲ್ಲಿ, "ರಾವಸಾಹೇಬ್ರ, ನಾ ಬಾಳೆಹೊಸೂರ ಯಂಕಪ್ಪನ ಮಗಾ ಅದೀನ್ರಿ" ಎಂದ.

"ಹೌದೇನು? ಛಲೋ ಆತು. ನಾಳೆಯಿಂದ ಬಾ" ಎಂದು ರಾಯರು ಒಳಗೆ ಹೋದರು.

ರಾಯರ ಆಸೆಗೂ ಒಂದು ಬುಡವಿತ್ತು. ಪ್ರಾಯದಲ್ಲಿ ಅವರು ಕಾಗದದ ಕಟ್ಟು ಹಿಡಿದು ದೊಡ್ಡ ಸಾಹೇಬನ ಬಂಗಲೆಗೆ ಹೋಗುತ್ತಿದ್ದರಂತೆ. ಸಾಹೇಬ ಹಸಿರು ಹುಲ್ಲಿನ ಮೇಲೆ ಕುಳಿತು ಚಹಾ ಕುಡಿಯುವನು. ಇವರು ಹುಲ್ಲಿನ ಅಂಚಿಗೆ, ಗರಸಿನ ಹರಳುಕಲ್ಲಿನ ಮೇಲೆ, ಮೆಟ್ಟು ಕೈಯಲ್ಲಿ ಹಿಡಿದು ನಿಂತಿರುವರು. ಸಾಹೇಬ ಸಹಿ ಮಾಡುವವರೆಗೆ ಹುಲ್ಲನ್ನೇ ನೋಡಿ ನೋಡಿ ಅದು ಅವರ ಕಣ್ಣಲ್ಲಿ ಕೂತುಬಿಟ್ಟಿತ್ತು. ಈಗ ಸಾಹೇಬ ಹೋಗಿದ್ದ. ಹುಲ್ಲಿನ ಮೇಲೆ ಒಮ್ಮೆ ತಾವೂ ಕುಳಿತು, ನಾಲ್ಕು ಜನ ದೊಡ್ಡವರನ್ನು ಕೂರಿಸಿ ಚಹಾ ಕುಡಿಸಿದರೆ ಸ್ವಾತಂತ್ರ್ಯ ಪೂರ್ತಿ ಬಂದಂತೆ ಎಂಬುದು ಅವರ ಲೆಕ್ಕ.

ಗವಿಸಿದ್ದಪ್ಪ ಆ ರಾತ್ರಿ ಹೆಂಡತಿಗೆ ಸಂಗತಿ ಹೇಳಿದ. ಹನಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ನಕ್ಕು ನಕ್ಕು ಹಂಚಿನ ಮೇಲಿನ ರೊಟ್ಟಿ ಸೀಯಿತು.

"ನಮ್ಮಪ್ಪ ಕರಿಕಿ ಇಲ್ಲದ ಮನಿ ಅಂತ ಕೊಟ್ಟ. ನೀವು ನೀರು ಹಾಕಿ ಬೆಳಸ್ತೀರಿ."

"ನಗಬ್ಯಾಡ. ಅಪ್ಪಗ ಗೊತ್ತಾದ್ರ ನಾ ಊರಾಗ ಮಾರಿ ತೋರಸಾಕ ಆಗೂದಿಲ್ಲ."

"ನಾ ಯಾಕ ಹೇಳ್ಲಿ? ನನ್ನ ತವರಿಗೆ ಗೊತ್ತಾದ್ರ ಅವರೂ ನಗೂದು ನನ್ನ ನೋಡಿ."

ಹೀಗೆ ಗಂಡಹೆಂಡತಿ ಒಂದು ಗುಟ್ಟಿನ ಪಾಲುದಾರರಾದರು. ನಾಗಾವಿಯ ಯಾರದೋ ಬದುವಿನಿಂದ ಕರಿಕಿಯ ಬೇರು ಕಿತ್ತು ಚೀಲಕ್ಕೆ ತುಂಬಿ ಹೊತ್ತು ತರುವಾಗ, ಗವಿಸಿದ್ದಪ್ಪ ತಲೆಯ ಮೇಲಿನ ಟವೆಲನ್ನು ಮೂಗಿನವರೆಗೆ ಎಳೆದುಕೊಂಡಿದ್ದ. ಚೀಲದಲ್ಲಿ ಗಾಂಜಾ ಇದ್ದರೂ ಅಷ್ಟು ಅಂಜುತ್ತಿರಲಿಲ್ಲ.

ಬೇರನ್ನು ಅಂಗಳದ ಮಣ್ಣಲ್ಲಿ ಊರಿ ಹಚ್ಚಿದ ಮೇಲೆ ಒಂದು ವಿಚಿತ್ರ ಕಂಡಿತು. ಹೊಲದಲ್ಲಿ ಬೇಡವೆಂದರೂ ಬರುವ ಕರಿಕಿ ಇಲ್ಲಿ ಬೇಕೆಂದರೂ ಬರಲೊಲ್ಲದು. ಅಲ್ಲಿ ಬೈದಷ್ಟೂ ಬೆಳೆದದ್ದು, ಇಲ್ಲಿ ಮುದ್ದು ಮಾಡಿದರೆ ಹಳದಿ ತಿರುಗಿ ಮುನಿಸಿಕೊಂಡಿತು. ಗದಗಿನಲ್ಲಿ ನೀರೆಂದರೆ ಎಂದೂ ಹೊಡೆದಾಟವೇ. ಬೇಸಿಗೆಯಲ್ಲಿ ಬಾವಿಯ ಹಗ್ಗ ದಿನಕ್ಕೊಂದಿಷ್ಟು ಉದ್ದವಾಗುತ್ತಿತ್ತು. ಬಚ್ಚಲ ನೀರೇ ಗತಿ. ಆದರೆ ಆ ನೀರಿನ ಮೇಲೆ ರಾಯರ ಹೆಂಡತಿ ಪದ್ಮಾಬಾಯಿಯವರ ಹಕ್ಕಿತ್ತು. ಹಿತ್ತಲಲ್ಲಿ ಅವರ ಅಬ್ಬಲಿ, ಸೇವಂತಿಗೆ, ಬದನೆ, ಒಂದು ಕರಿಬೇವಿನ ಗಿಡ.

"ಗವಿಸಿದ್ದಾ, ನೀರು ಹಿತ್ತಲಕ್ಕ ತಿರುವು. ಬದನಿಕಾಯಿ ಪಲ್ಯಾ ಆಗ್ತದ. ಇವರ ಹುಲ್ಲೇನು ಒಗ್ಗರಣಿ ಹಾಕ್ಲಿಕ್ಕೆ ಬರ್ತದೇನು?" ಎಂದು ಅವರು ಒಳಗಿನಿಂದ ಕೂಗುವರು.

"ಲಾನ್ ಒಣಗ್ಲಿಕ್ಹತ್ತದೋ, ಮುಂದಕ್ಕ ತಿರುವು" ಎಂದು ಕಟ್ಟೆಯ ಮೇಲಿನಿಂದ ರಾಯರು.

ಗವಿಸಿದ್ದಪ್ಪ ಸಲಿಕೆ ಹಿಡಿದು ನೀರನ್ನು ಅತ್ತ ಒಂದಿಷ್ಟು ಇತ್ತ ಒಂದಿಷ್ಟು ಬಿಟ್ಟು, ಇಬ್ಬರಿಗೂ "ಹೂಂರಿ" ಎನ್ನುತ್ತಿದ್ದ. ಮುಂಬಯಿ ಮತ್ತು ಮೈಸೂರಿನ ನಡುವೆ ನಮ್ಮ ನಾಡು ನಡೆಸಿದ ಸಂಸಾರವೂ ಆಗ ಹೆಚ್ಚುಕಡಿಮೆ ಹೀಗೇ ಇತ್ತು.

ರೋಹಿಣಿ ಮಳೆ ಬಿದ್ದ ಮೇಲೆ ಹುಲ್ಲಿಗೆ ಬುದ್ಧಿ ಬಂದಿತು. ಮೃಗಶಿರಾ ಆರಿದ್ರಾ ಕಳೆಯುವಷ್ಟರಲ್ಲಿ ಅಂಗಳ ತುಂಬಿತು. ರಾಯರು ಹುಬ್ಬಳ್ಳಿಯ ಲಿಲಾವಿನಲ್ಲಿ ಸವಾಲು ಕೂಗಿ ಹುಲ್ಲು ಕತ್ತರಿಸುವ ಮಶೀನೊಂದನ್ನು ಹಿಡಿದು ತಂದರು. ಗವಿಸಿದ್ದಪ್ಪ ಅದನ್ನು ಸುತ್ತ ತಿರುಗಿ ನೋಡಿ, "ಎತ್ತು ಎಲ್ಲಿ ಕಟ್ಟೂದ್ರಿ?" ಎಂದ. ಎತ್ತು ನೀನೇ ಎಂದು ತಿಳಿದ ಮೇಲೂ ಅಭ್ಯಾಸ ಬಿಡಲಿಲ್ಲ. ಸಾಲಿನ ಕೊನೆ ಮುಟ್ಟಿದಾಗ ಲೊಚಗುಟ್ಟಿ, ತನ್ನನ್ನು ತಾನೇ ಗದರಿಸಿಕೊಂಡು ತಿರುಗುತ್ತಿದ್ದ. ಕತ್ತರಿಸಿದ ಹುಲ್ಲು ಟಾಂಗಾದ ಮರ್ದಾನಸಾಬನ ಕುದುರೆಗೆ. ಆ ಕುದುರೆ ಮಳೆಗಾಲ ಮುಗಿಯುವಷ್ಟರಲ್ಲಿ ಟಾಂಗಾದ ಹಿಡಿಗಳ ನಡುವೆ ಹಿಡಿಸದಂತಾಗಿ, ಮರ್ದಾನಸಾಬ ರಾಯರನ್ನು ಕಂಡಲ್ಲೆಲ್ಲ ಸಲಾಮು ಹೊಡೆಯುತ್ತಿದ್ದ. ಚೌತಿಯ ಬೆಳಿಗ್ಗೆ ಓಣಿಯವರೆಲ್ಲ ಪೂಜೆಯ ಗರಿಕೆಗೆ ಅಂಗಳಕ್ಕೆ ಬರುವರು. ಆ ಒಂದು ದಿನ ಪದ್ಮಾಬಾಯಿಯವರೂ, "ನಮ್ಮ ಲಾನಿಂದು, ಎಷ್ಟು ಬೇಕಾದಷ್ಟು ಒಯ್ರಿ" ಎನ್ನುತ್ತಿದ್ದರು. ಮರುದಿನದಿಂದ ಅದು ಮತ್ತೆ "ಇವರ ಹುಲ್ಲು." ಮಾರ್ಗಶಿರದ ಇಬ್ಬನಿಯಲ್ಲಿ ರಾಯರು ಬರಿಗಾಲಲ್ಲಿ ಅದರ ಮೇಲೆ ಅಡ್ಡಾಡಿ, ಕಣ್ಣಿನ ದೃಷ್ಟಿ ಸುಧಾರಿಸಿತೆಂದು ಸಾರಿ, ವಾರಗಟ್ಟಲೆ ಶೀನುತ್ತಿದ್ದರು.

ಗವಿಸಿದ್ದಪ್ಪನಿಗೆ ಆ ಹುಲ್ಲಿನ ಮೇಲೆ ಯಾವಾಗ ಪ್ರೀತಿ ಹುಟ್ಟಿತೋ ಆತನಿಗೇ ತಿಳಿಯಲಿಲ್ಲ. ತಿಳಿದಾಗ ನಾಚಿಕೆಯಾಯಿತು. ಹಂದಿ ಬಂದು ಒಂದು ಮೂಲೆ ಕೆದರಿ ಹೋದ ದಿನ ಊಟ ಸೇರಲಿಲ್ಲ.

ಊರಿಗೆ ಹೋದಾಗ ಮಾತ್ರ ಹುಲ್ಲಿನ ಮಾತೆತ್ತುತ್ತಿರಲಿಲ್ಲ.

"ತ್ವಾಟದಾಗ ಏನೇನು ಹಾಕೀದಿ ಲೇ ತಮ್ಮಾ?" ಎಂದು ಮೊದಲ ಯುಗಾದಿಗೇ ಯಂಕಪ್ಪ ಕೇಳಿದ್ದ.

"ಎಲ್ಲಾ ಐತೆಪ್ಪ."

"ಪ್ಯಾರಲ?"

"ಐತಿ."

"ಚಿಕ್ಕು?"

"ಅದೂ ಐತಿ."

ಹೇಳಿದ ಮೇಲೆ ತೋರಿಸಬೇಕಲ್ಲ. ಅಂದಿನಿಂದ ಪ್ರತಿ ಹಬ್ಬಕ್ಕೂ ಗವಿಸಿದ್ದಪ್ಪ ಗದಗಿನ ಸಂತೆಯಲ್ಲಿ ಪ್ಯಾರಲಹಣ್ಣು, ಚಿಕ್ಕು ಕೊಂಡು ಚೀಲ ತುಂಬಿಕೊಂಡು ಹೋಗುವನು. ಯಂಕಪ್ಪ ಅವನ್ನು ಮಠದ ಕಟ್ಟೆಗೆ ಒಯ್ದು, "ನನ್ನ ಮಗಾ ಬೆಳದಾನ. ತಿನ್ರಿ" ಎಂದು ಹಂಚುವನು. ಒಮ್ಮೆ ಚಳಿಗಾಲದಲ್ಲಿ ಮಾವಿನಹಣ್ಣು ಯಾಕಿಲ್ಲವೆಂದು ಯಾರೋ ಕೇಳಿದ್ದಕ್ಕೆ, "ಮುಂದಿನ ಸಲ ತರತಾನ" ಎಂದು ಮಗನ ಪರವಾಗಿ ಮಾತೂ ಕೊಟ್ಟಿದ್ದ.

ಎಂಟು ವರ್ಷ ಹೀಗೆ ನಡೆಯಿತು. ಅಪ್ಪ ಗದಗಿಗೆ ಬರಲಿಲ್ಲ. ಬರುತ್ತೇನೆಂದಾಗಲೆಲ್ಲ ಮಗ ಏನೋ ಅಡ್ಡ ತಂದ. ಒಮ್ಮೆ ಪ್ಲೇಗು ಬಂದಿದೆ ಎಂದ. ಅದು ಬಂದು ಹೋಗಿ ಎಷ್ಟೋ ಕಾಲವಾಗಿತ್ತು.

ಸಾವಿರದ ಒಂಬೈನೂರ ಐವತ್ತಾರು. ನವೆಂಬರ್ ಒಂದಕ್ಕೆ ಕನ್ನಡನಾಡು ಒಂದಾಗುವುದು ಖರೆ ಎಂದು ಖಬರು ಬಂದಿತು. ರಾಯರು ಅಂದು ಸಂಜೆ ಲಾನಿನ ಮೇಲೆ ಚಹಾಕೂಟ ಇಟ್ಟುಕೊಂಡರು. ವಕೀಲರು, ಮಾಸ್ತರರು, ಬೆಟಗೇರಿಯ ಒಬ್ಬಿಬ್ಬರು ವ್ಯಾಪಾರಿಗಳು, ಶಿರಹಟ್ಟಿಯ ಹಳೆಯ ಗೆಳೆಯರು ಎಲ್ಲರಿಗೂ ಹೇಳಿಯಾಗಿತ್ತು. ಗವಿಸಿದ್ದಪ್ಪ ಆ ವರ್ಷ ಹುಲ್ಲನ್ನು ಮಗುವಿನ ತಲೆ ಬಾಚಿದಂತೆ ಇಟ್ಟಿದ್ದ.

ಅದಕ್ಕೂ ಮುಂಚೆ ಶೀಗಿ ಹುಣ್ಣಿಮೆ ಬಂದಿತು. ಅಂದು ಹೊಲವೆಂದರೆ ಬಸುರಿ. ಕಡುಬು ಹೋಳಿಗೆ ಪುಂಡಿಪಲ್ಯ ಒಯ್ದು, ಭೂಮಿತಾಯಿಯ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣಬೇಕು. ಹೊಲವಿಲ್ಲದ ಗವಿಸಿದ್ದಪ್ಪ ಹೆಂಡತಿಯೊಡನೆ ನಾಗಾವಿಗೆ, ಮಾವನ ಹೊಲಕ್ಕೆ ಹೋದ. ರಾಯರೂ ಪದ್ಮಾಬಾಯಿಯವರೂ ಧಾರವಾಡಕ್ಕೆ, ಮಗಳ ಮನೆಗೆ.

ಮರುದಿನ ಬೆಳಿಗ್ಗೆ ಯಂಕಪ್ಪ, ತನ್ನ ಹೊಲದ ಚರಗ ಮುಗಿಸಿ, ಉಳಿದ ಕಡುಬು ಹೋಳಿಗೆ ಗಂಟು ಕಟ್ಟಿಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿ ಗದಗಿಗೆ ಬಂದ. ಸ್ಟೇಶನ್ನಿನ ಹತ್ತಿರ ರಾವಸಾಹೇಬರ ಮನೆ ಯಾವುದೆಂದು ಕೇಳಿದ್ದು ಮರ್ದಾನಸಾಬನನ್ನೇ.

"ಬರ್ರಿ ಅಜ್ಜಾರ, ಕುಂಡ್ರಿ, ಬಿಟ್ಟ ಬರ್ತೀನಿ. ಮನ್ಯಾಗ ಯಾರೂ ಇಲ್ಲ. ಸಂಜೀಕ ಎಲ್ಲಾರೂ ಬರ್ತಾರ. ಕಟ್ಟಿ ಮ್ಯಾಲೆ ಆರಾಮ ಮಲಕೋರಿ" ಎಂದು ಗೇಟಿನಲ್ಲಿಳಿಸಿ, ಆತ ಹುಬ್ಬಳ್ಳಿಯ ರೈಲಿಗೆ ಬರುವ ಗಿರಾಕಿಗಳಿಗಾಗಿ ಸ್ಟೇಶನ್ನಿಗೆ ಹೋಗಿಬಿಟ್ಟ.

ಯಂಕಪ್ಪ ಕಟ್ಟೆಯ ಮೇಲೆ ಕುಳಿತ. ಎದುರಿಗೆ ನೋಡಿದ. ಗೇಟಿನಿಂದ ಗೋಡೆಯವರೆಗೆ, ಒಂದು ಅಂಗೈ ಜಾಗ ಬಿಡದೆ, ಕರಿಕಿ.

ಆತ ಬದುಕಿನಲ್ಲಿ ಅಷ್ಟು ಕರಿಕಿಯನ್ನು ಒಂದೇ ಕಡೆ ಕಂಡಿರಲಿಲ್ಲ. ಪ್ಯಾರಲ ಎಲ್ಲಿ, ಚಿಕ್ಕು ಎಲ್ಲಿ? ಎಲ್ಲವನ್ನೂ ಇದೇ ನುಂಗಿರಬೇಕು. ಮಗ ಮೈಗಳ್ಳನಾಗಿದ್ದಾನೆ. ಊರಿಂದ ಬರುವ ಧಣಿ ಇದನ್ನು ಕಂಡರೆ ಕೆಲಸದಿಂದ ತೆಗೆದೇ ತೆಗೆಯುತ್ತಾನೆ. ತಂದೆಯ ಕರುಳು ಚುರ್ರೆಂದಿತು. ಟವೆಲನ್ನು ತಲೆಗೆ ಸುತ್ತಿದ. ಹಿತ್ತಲ ಮೂಲೆಯಲ್ಲಿ ಗುದ್ದಲಿ ಸಿಕ್ಕಿತು.

ಹೊತ್ತು ಇಳಿಯುವಾಗ ಗಂಡಹೆಂಡತಿ ನಾಗಾವಿಯಿಂದ ನಡೆದು ಬಂದರು. ಗೇಟಿನಲ್ಲಿ ಹನಮವ್ವ ಗಂಡನ ತೋಳು ಹಿಡಿದು ನಿಲ್ಲಿಸಿದಳು. ಅಂಗಳ ಕಪ್ಪಗೆ, ಸಣ್ಣಗೆ, ಬಿತ್ತುವುದಕ್ಕೆ ಹದವಾಗಿ ಬಿದ್ದಿತ್ತು. ಗೋಡೆಯ ನೆರಳಿಗೆ ಬೇರಿನ ಬಣವೆ. ಅದರ ಪಕ್ಕದಲ್ಲಿ ಯಂಕಪ್ಪ, ಮೈಯೆಲ್ಲ ಮಣ್ಣಾಗಿ, ಮದುವಣಿಗನ ಹಾಗೆ ನಗುತ್ತಿದ್ದ.

"ಬಾ ಲೇ ಗವ್ಯಾ. ಅಂಜಬ್ಯಾಡ. ಎಲ್ಲಾ ತಗದೀನಿ. ನಿಮ್ಮ ಸಾಹೇಬ ಬರೂದ್ರಾಗ ಆಗಬೇಕು ಅಂತ ಊಟಾನೂ ಮಾಡಿಲ್ಲ."

ಗವಿಸಿದ್ದಪ್ಪ ಬಾಯಿ ತೆರೆಯುವಷ್ಟರಲ್ಲಿ ಟಾಂಗಾದ ಸದ್ದು ಕೇಳಿಸಿತು. ರಾಯರು ಇಳಿದರು. ಒಂದು ಕಾಲು ಟಾಂಗಾದ ಮೆಟ್ಟಿಲ ಮೇಲೆಯೇ ಉಳಿಯಿತು. ಮರ್ದಾನಸಾಬ ಸದ್ದಿಲ್ಲದೆ ಲಗಾಮು ಎಳೆದು ಹಿಡಿದ. ಕುದುರೆ ಮಾತ್ರ ಬಣವೆಯ ಕಡೆ ಕತ್ತು ಚಾಚಿತು.

"ನಮಸ್ಕಾರ್ರಿ ಸಾಹೇಬ್ರ" ಎಂದು ಯಂಕಪ್ಪ ಎದ್ದು ನಿಂತ. "ನಾ ಇವನ ಅಪ್ಪ. ಹುಡುಗನ ಮ್ಯಾಲೆ ಸಿಟ್ಟ ಆಗಬ್ಯಾಡ್ರಿ. ಇದು ಒಬ್ಬರ ಕೈಲೆ ಆಗೂ ಕೆಲಸಲ್ಲ. ಒಂದು ಎಳಿ ಉಳಿಸಿಲ್ಲ ನೋಡ್ರಿ. ಬೇಕಾದ್ರ ಕೈ ಹಾಕಿ ನೋಡ್ರಿ."

ಪದ್ಮಾಬಾಯಿಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. ರಾಯರು ಯಂಕಪ್ಪನ ಕೈ ನೋಡಿದರು, ಅಂಗೈಯಲ್ಲಿ ಬೊಬ್ಬೆಯೆದ್ದಿತ್ತು.

"ಭಾಳ ಶ್ರಮ ತಗೊಂಡ್ರಿ ಹಿರಿಯರು" ಎಂದರು ಕಡೆಗೆ. "ಒಳಗ ಬರ್ರಿ. ಚಹಾ ತಗೋರಿ." ಹಾಗೆಂದು, ಮೆಟ್ಟು ಬಿಡುವುದನ್ನೂ ಮರೆತು ಒಳಗೆ ಹೋದರು.

ಹಿತ್ತಲಲ್ಲಿ ಪದ್ಮಾಬಾಯಿಯವರು ಗವಿಸಿದ್ದಪ್ಪನನ್ನು ಕರೆದು ಪಿಸುಗುಟ್ಟಿದರು. "ಏನೂ ಹೇಳಬ್ಯಾಡ ನಿಮ್ಮಪ್ಪಗ. ವಯಸ್ಸಾದವರು, ನೊಂದ್ಕೋತಾರ. ಅಲ್ಲೆ ಬದನಿ, ಮೆಂತ್ಯ ಹಾಕಿಬಿಡೋಣು. ಇವರಿಗೆ ನಾ ಹೇಳ್ತೀನಿ."

ಎಂಟು ವರ್ಷದ ಸುಳ್ಳು ಅಂದು ತಾನಾಗಿ ಖರೆಯಾಗುವುದಕ್ಕೆ ಬಂದಿತ್ತು. ಬದನೆ ಹಾಕಿದರೆ ಆಯಿತು. ಅಪ್ಪ ಖುಷಿಯಿಂದ ಊರಿಗೆ ಹೋಗುತ್ತಾನೆ, ಪದ್ಮಾಬಾಯಿಯವರಿಗೆ ಪಲ್ಯ ಆಗುತ್ತದೆ, ಬಾಳೆಹೊಸೂರಿನಲ್ಲಿ ಮಾನ ಉಳಿಯುತ್ತದೆ. ಗವಿಸಿದ್ದಪ್ಪ ಮುಂಬಾಗಿಲಿಗೆ ಬಂದ. ರಾಯರು ಹೊರಗೆ ಬಂದು ನಿಂತಿದ್ದರು. ಕಪ್ಪು ಮಣ್ಣನ್ನು ನೋಡುತ್ತ, ಅದರ ಅಂಚಿಗೆ, ಒಂದು ಹೆಜ್ಜೆಯನ್ನೂ ಒಳಗಿಡದೆ. ಯಂಕಪ್ಪ ಚಹಾದ ಬಟ್ಟಲು ಹಿಡಿದು ಕಟ್ಟೆಯ ಮೇಲೆ ಸುಖವಾಗಿ ಊದಿ ಊದಿ ಕುಡಿಯುತ್ತಿದ್ದ.

"ಅಪ್ಪಾ" ಎಂದ ಗವಿಸಿದ್ದಪ್ಪ. "ಆ ಕರಿಕಿ ತಾನ ಬಂದಿದ್ದಲ್ಲ. ನಾ ಹಚ್ಚಿದ್ದು."

"ಏನಂದಿ?"

"ನಾ ಹಚ್ಚೀನಿ. ನೀರು ಹಾಕೀನಿ. ಎಂಟು ವರ್ಷ ಅದನ್ನ ಸಾಕೀನಿ. ಇಲ್ಲಿ ನನ್ನ ಕೆಲಸಾನ ಅದು. ಸಾಹೇಬ್ರು ಅದರ ಮ್ಯಾಲೆ ದೊಡ್ಡ ಮಂದೀಗೆ ಚಹಾದ ಕೂಟ ಇಟ್ಟಾರ. ಪ್ಯಾರಲ ಎಲ್ಲಾ ಸಂತ್ಯಾಗ ಕೊಂಡಿದ್ದು."

ಯಂಕಪ್ಪ ಬಟ್ಟಲು ಕೆಳಗಿಟ್ಟ. ಮಗನನ್ನು ನೋಡಿದ. ರಾಯರನ್ನು ನೋಡಿದ. ಆಮೇಲೆ ಎದ್ದು ಬಣವೆಯ ಬಳಿ ಹೋಗಿ, ಕುಕ್ಕರಗಾಲಲ್ಲಿ ಕುಳಿತು, ಒಂದು ಬೇರನ್ನು ಎಳೆದು ಬೆರಳಲ್ಲಿ ಹೊಸೆದ. ಇನ್ನೊಂದನ್ನು ಎಳೆದ. ಅದರ ಉದ್ದ ಮುಗಿಯಲಿಲ್ಲ.

"ಎಂಟು ವರ್ಷ?"

"ಹೂಂ."

"ನಾನೂ ಅದನ್ನ ಅಂದೆ, ಇದು ಹಿಂಗ್ಯಾಕ ಹಿಡದೈತಿ ಅಂತ. ಗುದ್ದಲಿ ಪುಟಿದು ಬರ್ತಿತ್ತು. ನಮ್ಮ ಹೊಲದಾಗ, ಮಂದಿ ಹೊಲದಾಗ, ಇಂಥಾ ಕರಿಕಿ ನಾ ಕಂಡಿಲ್ಲ." ಆತ ಬೇರನ್ನು ಮೂಗಿಗೆ ಹಿಡಿದು ಮೂಸಿದ. "ಗೊಬ್ಬರ ಏನು ಹಾಕ್ತಿದ್ದಿ?"

"ಮರ್ದಾನಸಾಬನ ಕುದುರಿ ಲದ್ದಿ."

"ಅದಕ್ಕ ಮತ್ತ!" ಎಂದ ಯಂಕಪ್ಪ, ಗುಟ್ಟು ತಿಳಿದವನಂತೆ. ಬೇರನ್ನು ಕೆಳಗಿಟ್ಟು ಕೇಳಿದ: "ಕೂಟ ಯಾವತ್ತ್ರಿ ಸಾಹೇಬ್ರ?"

"ನವೆಂಬರ್ ಒಂದಕ್ಕ" ಎಂದರು ರಾಯರು, ಸತ್ತ ದನಿಯಲ್ಲಿ.

"ಹದಿಮೂರು ದಿನಾ. ಬೇರು ಇನ್ನೂ ಹಸಿ ಐತಿ. ಬಿಸಿಲಿಗೆ ಹಾಕಿಲ್ಲ, ಸುಟ್ಟಿಲ್ಲ. ನಾನು ಕೊಲ್ಲಾಕ ಹೊಂಟ್ರೂ ಸಾಯದ ಜಾತಿ ಇದು. ಬದುಕು ಅಂದ್ರ ಬದುಕೂದಿಲ್ಲೇನ್ರಿ?"

ಮರುದಿನ ಮುಂಜಾವಿನಲ್ಲಿ ತಂದೆಮಗ ಎದುರುಬದುರು ಕುಳಿತು ಗೆಣ್ಣು ಕತ್ತರಿಸಿ ಸಾಲು ಹಿಡಿದು ಹಚ್ಚಿದರು. ಯಂಕಪ್ಪ ಮೊದಲ ಗೆಣ್ಣನ್ನು ಮಣ್ಣಿಗೆ ಇಡುವಾಗ ಕೈ ತಡೆಯಿತು. ಟವೆಲನ್ನು ಮೂಗಿನವರೆಗೆ ಎಳೆದುಕೊಂಡು, ಅತ್ತಿತ್ತ ನೋಡಿ, ಇಟ್ಟ. ಆಮೇಲೆ ಸಾಲು ಸೊಟ್ಟಗಾಯಿತೆಂದು ಮಗನನ್ನು ಬೈಯುವಷ್ಟು ಧೈರ್ಯ ಬಂದಿತು. ಪದ್ಮಾಬಾಯಿಯವರು ಬಚ್ಚಲ ನೀರನ್ನು ತಾವೇ ಮುಂದಕ್ಕೆ ತಿರುವಿದರು. ಯಂಕಪ್ಪ ಊರಿಗೆ ಹೋಗಲಿಲ್ಲ. ಸುಗ್ಗಿ ದೂರವಿದೆ ಎಂದ. ಖರೆ ಹೇಳಬೇಕೆಂದರೆ, ಮಗನ ಮೇಲೆ ಭರವಸೆ ಇರಲಿಲ್ಲ.

ನವೆಂಬರ್ ಒಂದರ ಹೊತ್ತಿಗೆ ಅಂಗಳದ ತುಂಬ ಸೂಜಿಮೊನೆಯಂಥ ಹಸಿರು. ಹತ್ತಿರ ಹೋದರೆ ಮಣ್ಣೇ ಹೆಚ್ಚು ಕಾಣುತ್ತಿತ್ತು. ಕಟ್ಟೆಯ ಮೇಲೆ ಕುಳಿತು ಕಣ್ಣು ಸಣ್ಣಗೆ ಮಾಡಿ ನೋಡಿದರೆ ಲಾನು. ಎಳೆಯ ಹುಲ್ಲನ್ನು ಯಾರೂ ತುಳಿಯಕೂಡದೆಂದು ಯಂಕಪ್ಪ ಕಟ್ಟಪ್ಪಣೆ ಮಾಡಿದ್ದರಿಂದ ವಕೀಲರೂ ಮಾಸ್ತರರೂ ಸ್ವತಃ ರಾವಸಾಹೇಬರೂ ಅಂಚಿನ ಗರಸಿನ ಮೇಲೆ ಖುರ್ಚಿ ಹಾಕಿಕೊಂಡು ಚಹಾ ಕುಡಿದರು. ರಾಯರು ಎಲ್ಲರಿಗೂ, "ಹೊಸಾದದ. ಸ್ವಲ್ಪ ತಡೀಬೇಕು" ಎಂದರು. ಅವರು ಹುಲ್ಲನ್ನು ಕುರಿತು ಹೇಳಿದ್ದು. ವಕೀಲರು ರಾಜ್ಯದ ಮಾತೆಂದು ತಿಳಿದು ಗಂಭೀರವಾಗಿ ತಲೆದೂಗಿದರು.

ಹೊರಗೆ ಮೆರವಣಿಗೆ ನೋಡುವುದಕ್ಕೆ ಬಂದ ಮಂದಿಯಲ್ಲಿ ಬಾಳೆಹೊಸೂರಿನ ಹೊಳೆಯಪ್ಪನೂ ಇದ್ದ. ಆತನ ಹೊಲ ಯಂಕಪ್ಪನ ಹೊಲಕ್ಕೆ ಹತ್ತಿಕೊಂಡೇ ಇತ್ತು. ಬದುವಿನ ಕರಿಕಿಗಾಗಿ ಯಂಕಪ್ಪನಿಂದ ಜೀವಮಾನವಿಡೀ ಬೈಸಿಕೊಂಡವನು. ಗೇಟಿನ ಮೇಲಿಂದ ಇಣುಕಿದವನಿಗೆ ಯಂಕಪ್ಪ ತಂಬಿಗೆ ಹಿಡಿದು ಒಂದು ಮೂಲೆಗೆ ಮೆಲ್ಲಗೆ ನೀರು ಚಿಮುಕಿಸುತ್ತಿರುವುದು ಕಂಡಿತು. ಹೊಳೆಯಪ್ಪ ಕಣ್ಣುಜ್ಜಿಕೊಂಡ.

"ಯಂಕಣ್ಣಾ! ಅದು ಕರಿಕಿ ಅಲ್ಲೇನೋ?"

ಗವಿಸಿದ್ದಪ್ಪ ಚಹಾದ ತಾಟು ಹಿಡಿದಿದ್ದವನು ನಿಂತಲ್ಲೇ ನಿಂತ. ಯಂಕಪ್ಪ ತಲೆಯೆತ್ತಿ ಹೊಳೆಯಪ್ಪನನ್ನು ನೋಡಿದ. ಟವೆಲು ಹೆಗಲ ಮೇಲೆಯೇ ಇತ್ತು. ಅದನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ.

"ಹೌದು, ಕರಿಕಿ. ನನ್ನ ಮಗನ ಬೆಳಿ ಇದು" ಎಂದ. "ಗೇಟಿನಿಂದ ಕೈ ತಗಿ. ನೆರಳು ಬೀಳತೈತಿ."